ಮನೆಯಲ್ಲಿ ಬಿ.ಪಿ. ಅಳೆಯುವ ಸರಿಯಾದ ಕ್ರಮ

ಕೊಡಗಿನ ಮನೆಗಳಲ್ಲಿ ಬೆಳಿಗ್ಗೆ ಎದ್ದವರು ಮುಖ ತೊಳೆದ ಕೂಡಲೇ ಕೈಗೆತ್ತಿಕೊಳ್ಳುವುದು ಬೆಲ್ಲದ ಕಾಫಿಯ ಲೋಟವನ್ನು. ರಕ್ತದೊತ್ತಡವನ್ನು ಮನೆಯಲ್ಲಿ ಅಳೆದುಕೊಳ್ಳುವವರು ಆ ಲೋಟವನ್ನು ಸ್ವಲ್ಪ ಹೊತ್ತು ಬದಿಗಿಡಬೇಕು. ಕಾಫಿ, ಬೀಡಿ, ಸಿಗರೇಟು, ತೋಟದ ಏರಿಳಿತದಲ್ಲಿ ಓಡಾಟ, ಇವುಗಳಲ್ಲಿ ಯಾವುದಾದರೂ ಆಗಿ ಅರ್ಧ ಗಂಟೆ ಕಳೆಯದೆ ಅಳೆದರೆ ಬರುವ ಅಂಕಿ ನಿಮ್ಮ ನಿಜವಾದ ಅಂಕಿಯಲ್ಲ. ಮೂತ್ರ ಕಟ್ಟಿಕೊಂಡು ಕುಳಿತರೂ ಒತ್ತಡ ಏರುತ್ತದೆ. ಆದ್ದರಿಂದ ಮೊದಲು ಬಚ್ಚಲಿಗೆ ಹೋಗಿ ಬನ್ನಿ.

ಆಸ್ಪತ್ರೆಯಲ್ಲಿ ನೋಡುತ್ತಾರಲ್ಲ, ಮನೆಯಲ್ಲೇಕೆ ಎಂದು ಅನೇಕರು ಕೇಳುತ್ತಾರೆ. ಬಸ್ಸಿಳಿದು ಮಡಿಕೇರಿಯ ಏರು ಹತ್ತಿ, ಸಾಲಿನಲ್ಲಿ ನಿಂತು, ವೈದ್ಯರ ಮುಂದೆ ಅಳುಕಿನಿಂದ ಕುಳಿತವರ ಒತ್ತಡ ಸಹಜವಾಗಿ ಹೆಚ್ಚಿರುತ್ತದೆ. ಈ ಕಾರಣಕ್ಕಾಗಿಯೇ ಆಸ್ಪತ್ರೆಯಲ್ಲಿ 140/90 (ಮೇಲಿನ ಅಂಕಿ/ಕೆಳಗಿನ ಅಂಕಿ) ಅನ್ನು ಹೆಚ್ಚು ಬಿ.ಪಿ.ಯ ಗಡಿಯೆಂದು ಹಿಡಿದರೆ, ಮನೆಯ ಸರಾಸರಿಗೆ 135/85 ಅನ್ನು ಗಡಿಯೆಂದು ಪರಿಗಣಿಸುತ್ತಾರೆ. ತಲೆನೋವು ಬಂದಾಗ ಮಾತ್ರ ನೋಡಿದರೆ ಸಾಕೆಂಬ ನಂಬಿಕೆಯನ್ನು ಬಿಟ್ಟುಬಿಡಿ, ಏಕೆಂದರೆ ಬಿ.ಪಿ. ಹೆಚ್ಚಿರುವ ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಕಟ್ಟುವ ಯಂತ್ರವನ್ನೇ ಕೊಳ್ಳಿ. ಕೊಳ್ಳುವ ಮೊದಲು ಟೇಪಿನಿಂದ ತೋಳಿನ ಮಧ್ಯಭಾಗದ ಸುತ್ತಳತೆ ತೆಗೆದು, ತೋಳಿಗೆ ಸುತ್ತುವ ಪಟ್ಟಿಯ (ಕಫ್) ಮೇಲೆ ಮುದ್ರಿಸಿರುವ ಅಳತೆಗೆ ಹೊಂದುತ್ತದೆಯೇ ಎಂದು ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ನಮ್ಮ ಚಳಿಯಲ್ಲಿ ಅತಿ ಹೆಚ್ಚಾಗಿ ನಡೆಯುವ ತಪ್ಪು ಸ್ವೆಟರಿನದು. ಕೆಲವರು ಅದರ ಮೇಲೆಯೇ ಪಟ್ಟಿ ಸುತ್ತುತ್ತಾರೆ. ಇನ್ನು ಕೆಲವರು ಸ್ವೆಟರಿನ ತೋಳನ್ನು ಮೇಲಕ್ಕೆ ಮಡಚುತ್ತಾರೆ, ಆ ಮಡಿಕೆ ಹಗ್ಗ ಬಿಗಿದಂತೆ ತೋಳನ್ನು ಒತ್ತುತ್ತದೆ. ಎರಡೂ ಸರಿಯಲ್ಲ. ಒಂದು ತೋಳನ್ನು ಸ್ವೆಟರಿನಿಂದ ಪೂರ್ತಿ ಹೊರತೆಗೆದು, ಉಳಿದ ಮೈಗೆ ಶಾಲು ಹೊದ್ದುಕೊಂಡು, ಬರಿಯ ತೋಳಿಗೆ ಪಟ್ಟಿ ಕಟ್ಟಬೇಕು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳಿನಷ್ಟು ಮೇಲಿರಲಿ. ಬೆನ್ನು ಕುರ್ಚಿಗೆ ಒರಗಿರಲಿ, ಪಾದಗಳೆರಡೂ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಬರಬೇಕು. ಮೇಜು ತಗ್ಗಾಗಿದ್ದರೆ ಕೈ ಕೆಳಗೆ ಒಂದು ದಿಂಬು ಇಡಿ. ಹೀಗೆ 5 ನಿಮಿಷ ಸುಮ್ಮನೆ ಕುಳಿತ ಮೇಲೆ ಗುಂಡಿ ಒತ್ತಿ, ಯಂತ್ರ ನಿಲ್ಲುವವರೆಗೆ ಮಾತನಾಡಬೇಡಿ.

ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮೊದಲು, ಸಂಜೆ ಊಟಕ್ಕೆ ಮೊದಲು, ಹೀಗೆ 7 ದಿನ ಅಳೆದು, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ನನ್ನ ತಾಯಿಯವರು ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲೇ ಪೆನ್ಸಿಲಿನಿಂದ ಬರೆಯುತ್ತಾರೆ. ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನೇ ಮಡಚಿಕೊಂಡು ಹೋಗುತ್ತಾರೆ. ವೈದ್ಯರಿಗೆ ಅದಕ್ಕಿಂತ ಉಪಯುಕ್ತವಾದ ಕಾಗದ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ.

ಅಂಕಿ 125/80ಕ್ಕೆ ಇಳಿಯಿತೆಂದು ಮಾತ್ರೆ ನಿಲ್ಲಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಇಳಿದಿರುವುದು ಮಾತ್ರೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ. ಅಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆ ಸೇವಿಸುವವರಿಗೆ ಪಾದ ಊದಿಕೊಂಡರೂ ತಾವಾಗಿ ಬಿಡದೆ ವೈದ್ಯರಿಗೆ ತಿಳಿಸಿ, ಬದಲಿ ಔಷಧಿಗಳಿವೆ. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸವನ್ನು ಸಂತೋಷದಿಂದ ಉಣ್ಣೋಣ, ಆದರೆ ಅದನ್ನು ಬಿ.ಪಿ. ಮಾತ್ರೆಗೆ ಬದಲಿಯೆಂದು ಎಣಿಸುವುದು ಬೇಡ. ಕಾಫಿ ಕೊಯ್ಲಿನ ದಿನಗಳಲ್ಲಿ ಸೊಂಟನೋವಿಗೆಂದು ದಿನವೂ ನುಂಗುವ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ರಕ್ತದೊತ್ತಡವನ್ನು ಏರಿಸಬಲ್ಲವು ಎಂಬುದನ್ನೂ ನೆನಪಿಡಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಬಿ.ಪಿ. ತಪಾಸಣೆ ಉಚಿತ. ಮಳೆಗಾಲದಲ್ಲಿ ಮರ ಬಿದ್ದು, ಬರೆ ಕುಸಿದು ರಸ್ತೆ ಮುಚ್ಚುವ ನಮ್ಮ ಜಿಲ್ಲೆಯಲ್ಲಿ, ಜೂನ್ ಬರುವ ಮೊದಲೇ ವೈದ್ಯರನ್ನು ಕೇಳಿ ಒಂದು ತಿಂಗಳ ಮಾತ್ರೆಯನ್ನೂ ಯಂತ್ರಕ್ಕೆ ಹೊಸ ಬ್ಯಾಟರಿಯನ್ನೂ ತಂದಿಡುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನದ ಒಟ್ಟು ಉಪ್ಪು 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ, ಮೀರಬಾರದು. ಒಣಮೀನು, ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಕಳಲೆ ಇವೆಲ್ಲ ಆ ಲೆಕ್ಕದೊಳಗೇ ಬರುತ್ತವೆ. ಕಳಲೆಯನ್ನು ನೀರು ಬದಲಾಯಿಸುತ್ತಾ ನೆನೆಸಿ ಹಿಂಡಿದರೆ ಉಪ್ಪು ಬಹುಮಟ್ಟಿಗೆ ಇಳಿಯುತ್ತದೆ. ಪಂದಿ ಕರಿಯ (ಹಂದಿಮಾಂಸದ ಅಡುಗೆಯ) ವಿಷಯದಲ್ಲಿ ನಮಗೊಂದು ಅನುಕೂಲವಿದೆ: ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸದ) ಹುಳಿಯೂ ಕರಿಮೆಣಸಿನ ಖಾರವೂ ಗಟ್ಟಿಯಾಗಿದ್ದಾಗ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಬೇಗ ಗೊತ್ತಾಗುವುದಿಲ್ಲ. ಕೊಬ್ಬಿನ ತುಂಡುಗಳನ್ನೂ ಕಡಿಮೆ ಬಡಿಸಿಕೊಳ್ಳಿ. ಮದ್ಯವೂ ಒತ್ತಡ ಏರಿಸುತ್ತದೆ. ಮದುವೆಮನೆಯಲ್ಲಿ ಒತ್ತಾಯ ಮಾಡುವವರಿಗೆ ಇದನ್ನು ನೇರವಾಗಿ ಹೇಳಬಹುದು.

ಅಂಕಿ 180/120 ದಾಟಿದರೆ 5 ನಿಮಿಷ ಶಾಂತವಾಗಿ ಕುಳಿತು ಮತ್ತೆ ಅಳೆಯಿರಿ. ಬೇರೇನೂ ತೊಂದರೆಯಿಲ್ಲದಿದ್ದರೂ ಅಂಕಿ ಹಾಗೆಯೇ ಇದ್ದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ನೀವಾಗಿ ಹೆಚ್ಚುವರಿ ಮಾತ್ರೆ ನುಂಗಬೇಡಿ. ಎದೆನೋವು, ಉಸಿರುಕಟ್ಟುವಿಕೆ, ದಿಢೀರನೆ ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಯಂತ್ರವನ್ನು ಬದಿಗಿಟ್ಟು 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ತೋಟದ ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯೇ ದೂರ. ಆದ್ದರಿಂದ ರೋಗಿ ಕೊನೆಯದಾಗಿ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಅದೇ ಕ್ಯಾಲೆಂಡರ್ ಹಾಳೆಯ ಮೇಲೆ ಬರೆದು, ಜೊತೆಗೆ ಹೋಗುವವರ ಕೈಗೆ ಕೊಡಿ.