ಬ್ರೈಟನ್‌ನಲ್ಲಿ ಮರಳು ಹುಡುಕಬೇಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರು ಮೊದಲ ಬೇಸಿಗೆಯಲ್ಲೇ ಬ್ರೈಟನ್‌ಗೆ ಹೋಗುತ್ತಾರೆ. ಚಪ್ಪಲಿ ಕಳಚಿ ನಾಲ್ಕು ಹೆಜ್ಜೆ ಇಟ್ಟವರೇ ‘ಇದೇನು ಬೀಚೋ, ಜಲ್ಲಿ ಸುರಿದ ರಸ್ತೆಯೋ’ ಎಂದು ಬೈಯುತ್ತಾರೆ. ನಾನೂ ಬೈದಿದ್ದೇನೆ. ಮಲ್ಪೆಯ ಮರಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರ ಗತಿಯೇ ಅಷ್ಟು. ಈ ಊರನ್ನು ಬೆಳೆಸಿದವರು ಮರಳಿನಲ್ಲಿ ಆಡಲು ಬಂದವರಲ್ಲ, ಸಮುದ್ರದ ನೀರನ್ನು ಮದ್ದೆಂದು ಕುಡಿಯಲು ಬಂದ ರೋಗಿಗಳು.

ಹೌದು, ಕುಡಿಯಲು. ಪಕ್ಕದ ಲೂಯಿಸ್ ಪಟ್ಟಣದ ವೈದ್ಯ ರಿಚರ್ಡ್ ರಸೆಲ್ 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧ ಬರೆದು, ಗ್ರಂಥಿಗಳ ಕಾಯಿಲೆಗೆ ಕಡಲ ನೀರೇ ಔಷಧ ಎಂದ. ಆ ಮಾತು ನಂಬಿದ ಹಣವಂತರು ಬ್ರೈಟನ್ ಎಂಬ ಬೆಸ್ತರ ಊರಿಗೆ ಸಾಲುಗಟ್ಟಿದರು. ಚಕ್ರದ ಮೇಲೆ ನಿಲ್ಲಿಸಿದ ಮರದ ಗೂಡಿನಲ್ಲಿ ಬಟ್ಟೆ ಬದಲಿಸಿಕೊಂಡ ಹೆಂಗಸರನ್ನು ನೀರಿನ ತನಕ ಒಯ್ದು, ರಟ್ಟೆ ಗಟ್ಟಿಯಿದ್ದ ಸ್ಥಳೀಯ ಹೆಂಗಸರು ಅಲೆಯಲ್ಲಿ ಅದ್ದಿ ತೆಗೆಯುತ್ತಿದ್ದರು. ಹೀಗೆ ಅದ್ದುವವರಲ್ಲಿ ಹೆಸರುವಾಸಿಯಾದವಳು ಮಾರ್ಥಾ ಗನ್. 1815ರಲ್ಲಿ ತೀರಿಕೊಂಡಳು.

ಮುಂದೆ ನಾಲ್ಕನೆಯ ಜಾರ್ಜ್ ಆದ ರಾಜಕುಮಾರ 1783ರಲ್ಲಿ ಮೊದಲ ಬಾರಿ ಬಂದ ಮೇಲೆ ಊರಿಗೆ ಮೋಜಿನ ಕಳೆ ಹತ್ತಿತು. ಅವನ ರಾಯಲ್ ಪೆವಿಲಿಯನ್ ಎದುರು ನಿಂತ ಭಾರತೀಯರಿಗೆ ಒಂದು ಕ್ಷಣ ದಿಕ್ಕು ತಪ್ಪುತ್ತದೆ: ಗುಮ್ಮಟ, ಮಿನಾರು, ಜಾಲಂಧ್ರ! ಭಾರತವನ್ನು ಒಮ್ಮೆಯೂ ನೋಡದ ಜಾನ್ ನ್ಯಾಶ್ 1815ರಿಂದ 1822ರ ನಡುವೆ ಕೊಟ್ಟ ರೂಪ ಅದು. ಹೊರಗೆ ಹಿಂದೂಸ್ತಾನ, ಒಳಗೆ ಚೀನಾ. ರಾಣಿ ವಿಕ್ಟೋರಿಯಾಗೆ ಇದು ಹಿಡಿಸಲಿಲ್ಲ. 1850ರಲ್ಲಿ ಅರಮನೆ ಊರಿಗೇ ಮಾರಾಟವಾಯಿತು.

ಇಲ್ಲಿನ ರಜೆಯ ವ್ಯವಸ್ಥೆ ಅರ್ಥವಾಗಬೇಕಾದರೆ ಎರಡು ಇಸವಿ ನೆನಪಿಡಿ. 1841ರಲ್ಲಿ ಲಂಡನ್ನಿನಿಂದ ರೈಲು ಬಂತು. 1871ರಲ್ಲಿ ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆಯ ಕಾನೂನು ಬಂತು. ರೋಗಿಗಳ, ರಾಜರ ಕಡಲತೀರ ಗುಮಾಸ್ತರ, ಕಾರ್ಮಿಕರ ಪಾಲಿಗೂ ಒಂದು ದಿನದ ಪ್ರವಾಸವಾಯಿತು. ಈಗಲೂ ಮೇ ತಿಂಗಳ ಎರಡು ಸೋಮವಾರ ಮತ್ತು ಆಗಸ್ಟಿನ ಕೊನೆಯ ಸೋಮವಾರ, ಬಿಸಿಲು ಬಿದ್ದರೆ ಅರ್ಧ ಲಂಡನ್ ಅಲ್ಲಿರುತ್ತದೆ. ಆ ದಿನಗಳಲ್ಲಿ ಹೋಗಬೇಡಿ ಎಂಬುದು ನನ್ನ ಸಲಹೆ. ಹೋಗಲೇಬೇಕೆಂದಿದ್ದರೆ ಹಿಂದಿನ ರಾತ್ರಿ ರೈಲಿನ ವೇಳೆ ನೋಡಿಕೊಳ್ಳಿ; ಹಳಿ ದುರಸ್ತಿಯನ್ನು ರಜಾದಿನಗಳಿಗೇ ಇಟ್ಟುಕೊಳ್ಳುವುದು ಈ ದೇಶದ ಪದ್ಧತಿ, ರೈಲಿನ ಬದಲು ಬಸ್ಸಿನಲ್ಲಿ ಕೂರಿಸಿಬಿಡುತ್ತಾರೆ.

ಉಳಿದ ದಿನಗಳಲ್ಲಿ ರೈಲೇ ಉತ್ತಮ. ಲಂಡನ್ನಿನ ವಿಕ್ಟೋರಿಯಾ ಅಥವಾ ಲಂಡನ್ ಬ್ರಿಜ್ ನಿಲ್ದಾಣದಿಂದ ಸುಮಾರು ಒಂದು ಗಂಟೆ. ಅಗ್ಗದ ಟಿಕೆಟ್ ಕೆಲವೊಮ್ಮೆ ಒಂದೇ ಕಂಪನಿಯ ರೈಲಿಗೆ ಮಾತ್ರ ನಡೆಯುತ್ತದೆ. ಟಿಕೆಟ್ಟಿನ ಮೇಲೆ ಥೇಮ್ಸ್‌ಲಿಂಕ್ ಮಾತ್ರ ಎಂದಿದ್ದರೆ ಪಕ್ಕದ ಪ್ಲಾಟ್‌ಫಾರ್ಮಿನ ವೇಗದ ರೈಲಿಗೆ ಹತ್ತಬೇಡಿ. ‘ಗೊತ್ತಿರಲಿಲ್ಲ’ ಎಂದರೆ ಇಲ್ಲಿ ದಂಡ ತಪ್ಪುವುದಿಲ್ಲ.

ಇಂಗ್ಲಿಷ್ ಕಡಲೂರಿನ ಗುರುತೇ ಪಿಯರ್, ಅಂದರೆ ಸಮುದ್ರದೊಳಕ್ಕೆ ಚಾಚಿದ ಕಂಬಗಳ ಮೇಲಿನ ಅಟ್ಟ. ಬ್ರೈಟನ್ನಿನ ಮೊದಲನೆಯದು, 1823ರ ಚೈನ್ ಪಿಯರ್, ಫ್ರಾನ್ಸಿಗೆ ಹೋಗುವ ಹಡಗು ಹತ್ತಲು ಕಟ್ಟಿದ್ದು. 1896ರ ಬಿರುಗಾಳಿಗೆ ಅದು ಕೊಚ್ಚಿಹೋಯಿತು. 1866ರ ವೆಸ್ಟ್ ಪಿಯರ್ 1975ರಲ್ಲಿ ಮುಚ್ಚಿ, 2003ರಲ್ಲಿ ಬೆಂಕಿಗೆ ಸಿಕ್ಕಿತು. ಅದರ ಕಬ್ಬಿಣದ ಅಸ್ಥಿಪಂಜರ ನೀರಿನಲ್ಲಿ ನಿಂತಿದೆ. ಸಂಜೆ ಅದರ ಮೇಲೆ ಗೊರವಂಕದಂಥ ಸ್ಟಾರ್ಲಿಂಗ್ ಹಕ್ಕಿಗಳು ಹಿಂಡುಗಟ್ಟಿ ಸುಳಿಯುವುದನ್ನು ನೋಡಲು ಚಳಿಗಾಲದಲ್ಲೇ ಹೋಗಬೇಕು. ನನಗೆ ಇದರ ಮುಂದೆ 1899ರ ಪ್ಯಾಲೆಸ್ ಪಿಯರ್‌ನ ಗದ್ದಲ ಏನೂ ಅಲ್ಲ. ಆದರೆ ಮಕ್ಕಳು ಬಿಡಬೇಕಲ್ಲ! ಅಲ್ಲಿ ನಾಣ್ಯ ಹಾಕಿ ನಾಣ್ಯ ಬೀಳಿಸುವ ಯಂತ್ರಗಳಿವೆ. ಮಕ್ಕಳೂ ಆಡಬಹುದಾದ ಚಿಲ್ಲರೆ ಜೂಜಿಗೆ ಕಾನೂನೇ ಒಪ್ಪಿಗೆ ಕೊಟ್ಟಿರುವುದನ್ನು ಕಂಡು ಊರಿನಿಂದ ಬಂದ ಅಜ್ಜ ಅಜ್ಜಿಯರು ಹೌಹಾರುತ್ತಾರೆ. ಚಿಪ್ಸ್ ಪೊಟ್ಟಣವನ್ನು ಬಯಲಲ್ಲಿ ಬಿಚ್ಚುವಾಗ ತಲೆಯೆತ್ತಿ ನೋಡಿ. ಇಲ್ಲಿನ ಸೀಗಲ್‌ಗಳಿಗೆ ನಮ್ಮ ದೇವಸ್ಥಾನದ ಕೋತಿಗಳ ವಿದ್ಯೆಯೆಲ್ಲ ಬರುತ್ತದೆ.

ನೀರಿಗಿಳಿಯುವ ವಿಚಾರದಲ್ಲಿ ಮಾತ್ರ ತಮಾಷೆ ಬೇಡ. ಕಲ್ಲಿನ ದಂಡೆ ಕಡಿದಾಗಿ ಇಳಿಯುತ್ತದೆ, ಎರಡು ಹೆಜ್ಜೆಗೆ ಮೊಣಕಾಲಿನ ನೀರು ಎದೆಮಟ್ಟಕ್ಕೆ ಬಂದಿರುತ್ತದೆ. ಆಗಸ್ಟಿನಲ್ಲೂ ನೀರು ಮೈ ನಡುಗಿಸುತ್ತದೆ. ಧುಮುಕಿದೊಡನೆ ಉಸಿರು ಕಟ್ಟುವಷ್ಟು ತಣ್ಣಗೆ. ಕೆಂಪು–ಹಳದಿ ಬಾವುಟಗಳೆರಡರ ನಡುವೆ ಜೀವರಕ್ಷಕರ ಕಣ್ಣಿರುತ್ತದೆ, ಅಲ್ಲೇ ಇಳಿಯಿರಿ. ಬರೀ ಕೆಂಪು ಬಾವುಟವಿದ್ದರೆ ಇಳಿಯಲೇಬೇಡಿ. ಯಾರಾದರೂ ಕೊಚ್ಚಿಹೋದರೆ ಹಿಂದೆ ಹಾರದೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ. ಸಮುದ್ರದ ಕೆಲಸ ಪೊಲೀಸರದಲ್ಲ, ಅವರದು. ಇನ್ನೊಂದು ಮಾತು: ಪೂರ್ವಕ್ಕೆ ಮರೀನಾ ಎಂಬ ದೋಣಿ ತಂಗುದಾಣದ ಕಡೆ ನಡೆಯುತ್ತಾ ಹೋದರೆ 1980ರಿಂದ ಬಟ್ಟೆಯಿಲ್ಲದವರಿಗೆ ಮೀಸಲಾದ ತೀರವಿದೆ. ಫಲಕ ಹಾಕಿದ್ದಾರೆ. ಅತ್ತೆ ಮಾವನವರ ಜೊತೆಗಿದ್ದರೆ ಫಲಕ ಓದಿ.

ನಮ್ಮವರು ತಪ್ಪಿಸಿಕೊಳ್ಳುವ ಜಾಗ ಎರಡು. ಒಂದು, ಸೇಂಟ್ ನಿಕೋಲಸ್ ಚರ್ಚಿನ ಅಂಗಳ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಹೋಟೆಲು ತೆರೆದು ಕೈಸುಟ್ಟುಕೊಂಡು, ಬ್ರೈಟನ್‌ಗೆ ಬಂದು ಹಬೆಸ್ನಾನ ಮತ್ತು ಮಾಲೀಸಿನ ಮನೆ ನಡೆಸಿದ. ಚಂಪಿ ಎಂಬ ಮಾತಿನ ನಂಟಿನ ಶಾಂಪೂ ಎಂಬ ಪದ ಆಗ ಈ ಮಾಲೀಸಿನ ಹೆಸರು, ರಾಜನೇ ಗಿರಾಕಿ. 1851ರಲ್ಲಿ ತೀರಿಕೊಂಡ ಅವನ ಸಮಾಧಿ ಇರುವುದು ಮಾರ್ಥಾ ಗನ್ ಮಲಗಿರುವ ಅಂಗಳದಲ್ಲೇ. ನೀರಿನಲ್ಲಿ ಅದ್ದಿದವಳೂ ಮೈ ತಿಕ್ಕಿದವನೂ ನೆರೆಹೊರೆ.

ಎರಡನೆಯದು ಛತ್ರಿ ಎಂಬ ಸ್ಮಾರಕ ಮಂಟಪ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ 1914ರ ಕೊನೆಯಿಂದ ಪೆವಿಲಿಯನ್ನೇ ಆಸ್ಪತ್ರೆಯಾಗಿತ್ತು. ಜಾತಿ ಮತ ನೋಡಿಕೊಂಡು ಒಂಬತ್ತು ಅಡುಗೆಮನೆ ಮಾಡಿದ್ದರು. ತೀರಿಕೊಂಡ ಮುಸ್ಲಿಮರನ್ನು ವೋಕಿಂಗ್‌ನಲ್ಲಿ ದಫನ್ ಮಾಡಿದರು. 53 ಹಿಂದೂ, ಸಿಖ್ ಸೈನಿಕರ ದಹನ ಊರಂಚಿನ ಪ್ಯಾಚಮ್ ಮೇಲಿನ ಗುಡ್ಡದಲ್ಲಿ ನಡೆಯಿತು. ಚಿತೆ ಉರಿದ ಜಾಗದಲ್ಲಿ 1921ರಲ್ಲಿ ಅಮೃತಶಿಲೆಯ ಛತ್ರಿ ಎದ್ದಿತು. ಪ್ರತಿ ಜೂನ್‌ನಲ್ಲಿ ಅಲ್ಲಿ ಸ್ಮರಣೆ ನಡೆಯುತ್ತದೆ. ಛತ್ರಿಯ ಬುಡಕ್ಕೆ ರಸ್ತೆಯಿಲ್ಲ, ಹುಲ್ಲುಗಾವಲಿನ ದಾರಿಯಲ್ಲಿ ನಡೆದೇ ಹತ್ತಬೇಕು. ಮಳೆ ಬಂದ ಮರುದಿನವಾದರೆ ಬೂಟು ಹಾಕಿಕೊಂಡು ಹೋಗಿ.