ಬಂಡೆಗಳ ಕೊಲ್ಲಿಯಲ್ಲಿ ಸ್ನಾರ್ಕೆಲಿಂಗ್: ನಾನು ಮಾಡುವ ರೀತಿ

ಸ್ನಾರ್ಕೆಲಿಂಗ್ ಎಂದರೆ ಮಾಸ್ಕ್ ತೊಟ್ಟು, ಉಸಿರಾಟದ ಕೊಳವೆ ಬಾಯಲ್ಲಿ ಕಚ್ಚಿ, ಮುಖ ನೀರೊಳಗಿಟ್ಟು ತೇಲುತ್ತಾ ಕೆಳಗಿನದನ್ನು ನೋಡುವುದು. ನೀರಿಗಿಳಿಯುವ ಮೊದಲು ಹದಿನೈದು ನಿಮಿಷ ದಡದಲ್ಲಿ ನಿಂತು ಅಲೆ ನೋಡುತ್ತೇನೆ. ಸಣ್ಣ ಅಲೆಗಳ ನಡುವೆ ಆಗಾಗ ಮೂರು ನಾಲ್ಕು ದೊಡ್ಡವು ಸಾಲಾಗಿ ಬರುತ್ತವೆ. ಆಗ ಯಾವ ಬಂಡೆಯ ಮೇಲೆ ನೊರೆ ಏರುತ್ತದೋ ಆ ಕಡೆ ಆವತ್ತು ಸುಳಿಯುವುದಿಲ್ಲ. ಇಳಿಯುವುದು ಬಂಡೆಗಳ ನಡುವೆ ಮರಳಿರುವಲ್ಲಿ, ಗಾಳಿ ಏಳುವ ಮುಂಚೆ, ಉಬ್ಬರದ ಹೊತ್ತಿಗೆ. ಇಳಿತದಲ್ಲಿ ಹವಳ ಹೊಟ್ಟೆಗೆ ತಾಗುವಷ್ಟು ಮೇಲಿರುತ್ತದೆ. ಜೊತೆಗಾರರಿಲ್ಲದೆ ಇಳಿಯುವುದೇ ಇಲ್ಲ.

ಮಾಸ್ಕ್ ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಬೇಕು; ಕೈಬಿಟ್ಟರೂ ಅಂಟಿ ನಿಲ್ಲಬೇಕು. ಸೋರಿದರೆ ಹೆಚ್ಚಿನವರು ಪಟ್ಟಿ ಬಿಗಿಯುತ್ತಾರೆ. ಅದರಿಂದ ಸಿಲಿಕೋನ್ ಅಂಚು ಸುಕ್ಕಾಗಿ ಇನ್ನಷ್ಟು ಸೋರುತ್ತದೆ. ಸಾಮಾನ್ಯವಾಗಿ ತಪ್ಪು ಅಂಚಿನಡಿ ಸಿಕ್ಕ ಕೂದಲಿನದು, ಇಲ್ಲವೇ ಮೀಸೆಯದು. ಗಾಜು ಮಂಜಾಗದಿರಲು ಒಳಗೆ ಒಂದು ಹನಿ ಮಕ್ಕಳ ಶಾಂಪೂ ಸವರಿ, ಸ್ವಲ್ಪ ನೀರಲ್ಲಿ ತೊಳೆದರೆ ಸಾಕು.

ಕೊಳವೆಗೆ ನೀರು ನುಗ್ಗಿದರೆ ಒಂದೇ ಸಲ 'ಫೂ' ಎಂದು ಜೋರಾಗಿ ಊದುವುದು, ಮುಂದಿನ ಉಸಿರನ್ನು ನಿಧಾನ ಎಳೆಯುವುದು. ಗಡಿಬಿಡಿಯ ಚಿಕ್ಕ ಉಸಿರಾಟದಲ್ಲಿ ಕೊಳವೆಯಲ್ಲಿ ಉಳಿದ ಹಳೇ ಗಾಳಿಯೇ ಮತ್ತೆ ಒಳಹೋಗುತ್ತದೆ. ಏದುಸಿರು ಹತ್ತುವುದು ಅದಕ್ಕೇ.

ಆಮೇಲೆ ಈಜುವುದಕ್ಕಿಂತ ತೇಲುವುದೇ ಹೆಚ್ಚು. ಕೈ ಬಡಿಯದೆ ಒಂದೇ ಕಡೆ ಐದು ನಿಮಿಷ ಮಲಗಿದಂತಿದ್ದರೆ ಅಡಗಿದ್ದ ಮೀನುಗಳು ಹೊರಬರುತ್ತವೆ. ಕರಕರ ಸದ್ದು ಕೇಳಿದರೆ ಹತ್ತಿರದಲ್ಲಿ ಗಿಳಿಮೀನು ಹವಳದ ಕಲ್ಲು ಕೆರೆಯುತ್ತಿದೆಯೆಂದೇ ಅರ್ಥ. ಅದು ತಿಂದ ಕಲ್ಲು ಮರಳಾಗಿ ಹಿಂದಿನಿಂದ ಉದುರುವುದನ್ನೂ ನೋಡಬಹುದು. ದೊಡ್ಡ ಮೀನೊಂದು ಬಾಯಿ ತೆರೆದು ಅಲುಗದೆ ನಿಂತಿದ್ದರೆ ಅದರ ಕಿವಿರುಗಳ ಬಳಿ ಹುಡುಕಿ: ಬೆರಳುದ್ದದ ನೀಲಿಪಟ್ಟೆಯ ಕ್ಲೀನರ್ ರ‍್ಯಾಸ್ ಎಂಬ ಮೀನು ಪರೋಪಜೀವಿಗಳನ್ನು ಹೆಕ್ಕುತ್ತಿರುತ್ತದೆ. ನನಗೆ ಇಡೀ ಕೊಲ್ಲಿಯಲ್ಲಿ ಇದಕ್ಕಿಂತ ಚೆಂದದ ನೋಟವಿಲ್ಲ. ಗೂಡು ಕಾಯುವ ಟೈಟನ್ ಟ್ರಿಗರ್ ಮೀನು ಮಾತ್ರ ಕಚ್ಚಲು ಬರುತ್ತದೆ. ಅದರ ಗಡಿ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವುದರಿಂದ ಮೇಲೇರಿ ಪ್ರಯೋಜನವಿಲ್ಲ. ಕಾಲಿಗೆ ತೊಟ್ಟ ರೆಕ್ಕೆಯಂಥ ಫಿನ್‌ಗಳನ್ನು ಅದರತ್ತ ಇಟ್ಟು ಅಡ್ಡಡ್ಡ ದೂರ ಸರಿಯಬೇಕು.

ಹವಳದ ಮೇಲೆ ನಿಲ್ಲಲೇಬಾರದು. ಗುಂಡು ಹವಳಗಳು ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆದರೆ ಹೆಚ್ಚು, ಒಂದು ಒದೆತ ಎಷ್ಟೋ ವರ್ಷಗಳನ್ನು ಮುರಿಯುತ್ತದೆ. ಕೆಳಗೆ ಒಂದು ಮೀಟರ್ ನೀರಿಲ್ಲದಿದ್ದರೆ ನಾನು ತಿರುಗಿಬಿಡುತ್ತೇನೆ. ಬಿಸಿಲಿಗೆ ಕ್ರೀಮಿನ ಬದಲು ತುಂಬುತೋಳಿನ ಅಂಗಿ. ಕ್ರೀಮುಗಳಲ್ಲಿರುವ ಆಕ್ಸಿಬೆನ್ಜೋನ್ ಎಂಬ ರಾಸಾಯನಿಕ ಹವಳಕ್ಕೆ ಕೆಡುಕೆಂದೇ ಹವಾಯಿಯಲ್ಲಿ 2021ರಿಂದ ಅದರ ಮಾರಾಟ ನಿಷಿದ್ಧ.

ಹಿಂದಿರುಗುವಾಗ ದೊಡ್ಡ ಅಲೆಗಳ ಸಾಲು ದಾಟಲು ಬಿಟ್ಟು, ಬಂದ ಮರಳದಾರಿಯಲ್ಲೇ ಬರುತ್ತೇನೆ. ಮೊಣಕಾಲುದ್ದದ ನೀರಲ್ಲಿ ಫಿನ್ ಕಳಚಿ, ಪಾದ ಎತ್ತದೆ ಮರಳಲ್ಲಿ ಎಳೆಯುತ್ತಾ ನಡೆದರೆ ಹುದುಗಿರುವ, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಮೊದಲೇ ಎದ್ದು ಹೋಗುತ್ತದೆ.