ಮೆಣಸೂರಿನಿಂದ ಗಡೀಪಾರು: 12 ದಿನ ವನವಾಸ, 1 ದಿನ ಅಜ್ಞಾತವಾಸ

ಮೈನ್‌ಕ್ರಾಫ್ಟ್ ಅನ್ನೋ ಬ್ಲಾಕ್ ಜೋಡಿಸಿ ಊರು ಕಟ್ಟುವ ಆಟದಲ್ಲಿ ನಾವು ಕಟ್ಟಿದ ಮೆಣಸೂರಿನ ಕೋಟೆಬಾಗಿಲ ಒಳಗೆ ಕೊಲೆ ಆಗದೆ ಈಗ ನಾಲ್ಕು ತಿಂಗಳಾಯಿತು. "ಗಡೀಪಾರು ಮಾಡಿರೆ ಆ ಮಾಣಿ ವಾಪಸ್ ಬತ್ನಿಲ್ಲೆ, ಸರ್ವರ್ ಖಾಲಿ ಆಗ್ತು ನೋಡು" ಅಂತ ಸರ್ವರ್ ನಡೆಸಲು ನನ್ನ ಜೊತೆಗೆ ಅಡ್ಮಿನ್ ಆಗಿರುವ ಭಾವನೇ ಹೇಳಿದ್ದ. ಈಗ ಅವನೇ ಬೇರೆ ಸರ್ವರ್‌ನವರಿಗೆ ನಮ್ಮ ಕ್ರಮ ವಿವರಿಸುತ್ತಾನೆ.

ಮೆಣಸೂರು ನಮ್ಮ ಮೈನ್‌ಕ್ರಾಫ್ಟ್ ರಾಜ್ಯದ ರಾಜಧಾನಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದರಲ್ಲ, ಹೆಸರು ಅಲ್ಲಿಂದ ಬಂತು. ಕೋಟೆಯನ್ನು ಮಿರ್ಜಾನ್ ಕೋಟೆ ನೋಡಿಕೊಂಡು, ಚಿರೆಕಲ್ಲಿನ ಬಣ್ಣಕ್ಕೆ ಹತ್ತಿರದ ಟೆರಾಕೋಟದಲ್ಲಿ ಕಟ್ಟಿದ್ದು. ಆಡುವವರು ಶಿರಸಿ, ಕುಮಟೆ, ಹೊನ್ನಾವರ, ಕಾರವಾರದವರು, ಒಟ್ಟು ನಲವತ್ತರ ಸುಮಾರು.

ಗಲಾಟೆ ಮಾಡುವವರು ನಾಲ್ಕೈದು ಜನ ಅಷ್ಟೇ. ಪೇಟೆಯಲ್ಲಿ ಹೊಸಬರನ್ನು ಕೊಲ್ಲುವುದು, ಸಾಮಾನು ದೋಚುವುದು. ನಗರದೊಳಗೆ ಪಿವಿಪಿ (ಆಟಗಾರರು ಒಬ್ಬರನ್ನೊಬ್ಬರು ಹೊಡೆಯುವುದು) ಆಫ್ ಮಾಡಿದರೆ ಲಾವಾ ಸುರಿದರು. ಕೋರ್‌ಪ್ರೊಟೆಕ್ಟ್‌ನಲ್ಲಿ (ಯಾರು ಏನು ಕೆಡಿಸಿದರು ಅಂತ ದಾಖಲಿಸುವ ಪ್ಲಗಿನ್, ಅಂದರೆ ಸರ್ವರ್‌ಗೆ ಸೇರಿಸುವ ಚಿಕ್ಕ ತಂತ್ರಾಂಶ) ರೋಲ್‌ಬ್ಯಾಕ್, ಅಂದರೆ ಕೆಟ್ಟದ್ದನ್ನು ಮೊದಲಿನಂತೆ, ಮಾಡಿ ಮಾಡಿ ನನ್ನ ರಾತ್ರಿಗಳು ಹೋದವು.

ಮೊದಲು ಕಾಯಂ ಬ್ಯಾನ್ ಹಾಕಿದೆ. ಕುಮಟೆಯ ಒಬ್ಬ ಹುಡುಗ ಹೋದ, ಅವನ ಹಿಂದೆ ಏಳು ಜನ ಸ್ನೇಹಿತರೂ ಹೋದರು. ಸರ್ವರ್ ಬಾಡಿಗೆ ತಿಂಗಳಿಗೆ 900 ರೂಪಾಯಿ ಆಸುಪಾಸು, ತಲೆಗೆ ಐವತ್ತರ ಹಾಗೆ ಇಪ್ಪತ್ತು ಜನ ಚಂದಾ ಹಾಕುತ್ತಿದ್ದರು. ಹೋದವರಲ್ಲಿ ಐದು ಜನ ಚಂದಾ ಕೊಡುವವರು. ಎರಡು ತಿಂಗಳು ಅಡಿಕೆ ಸುಲಿದ ದುಡ್ಡಿನಲ್ಲಿ ಬಾಡಿಗೆ ತುಂಬಿದೆ. ಅದಕ್ಕೂ ಮೊದಲು ಮನೆಯ ಕಂಪ್ಯೂಟರಿನಲ್ಲೇ ಸರ್ವರ್ ಇಟ್ಟುಕೊಂಡಿದ್ದಾಗ, ಮಳೆಗಾಲದ ಕರೆಂಟಿಗೆ ಹೆದರಿ ಇನ್ವರ್ಟರ್ ಬ್ಯಾಟರಿಗೆ ಹದಿನಾಲ್ಕು ಸಾವಿರ ಹಾಕಿದ್ದೆ. ಆ ಗಾಯ ಇನ್ನೂ ಹಸಿಯಾಗಿತ್ತು.

ಆಮೇಲೆ ಎಸೆನ್ಶಿಯಲ್ಸ್ ಅನ್ನೋ ಪ್ಲಗಿನ್‌ನ ಜೈಲು. ಒಳಗೆ ಕೂತವನು ಚಾಟ್‌ನಲ್ಲಿ ಬೈಯುತ್ತಾನೆ, ಇಲ್ಲವೇ ಆಟ ಮುಚ್ಚಿ ಮಲಗುತ್ತಾನೆ. ಅವನು ಮಲಗಿದ್ದರೂ ಶಿಕ್ಷೆಯ ಗಡಿಯಾರ ಓಡುತ್ತಲೇ ಇತ್ತು. ಬೆಳಿಗ್ಗೆ ಎದ್ದು ಬಂದರೆ ಶಿಕ್ಷೆ ಮುಗಿದಿದೆ, ಸಿಟ್ಟು ಮುಗಿದಿಲ್ಲ.

ಗಡೀಪಾರು ಹೊಳೆದದ್ದು ಆಗ. ಯಾರಿಗೆ ಏನು ಅನುಮತಿ ಅಂತ ನೋಡುವ ಲಕ್‌ಪರ್ಮ್ಸ್‌ನಲ್ಲಿ ತಾತ್ಕಾಲಿಕ ಗುಂಪು ಮಾಡಿ, ಜಾಗ ಕಾಯುವ ವರ್ಲ್ಡ್‌ಗಾರ್ಡ್‌ನಲ್ಲಿ ಆ ಗುಂಪಿಗೆ ನಗರಪ್ರವೇಶ ತಡೆದೆ. ಮೊದಲ ದಿನವೇ ಕೆಟ್ಟಿತು. ಹೊರಹಾಕಿದವನು ಬೇಕಂತಲೇ ಬಂಡೆಯಿಂದ ಹಾರಿ ಸತ್ತ. ಆಟದಲ್ಲಿ ಸತ್ತವನು ತನ್ನ ಹಾಸಿಗೆಯ ಹತ್ತಿರ ಮತ್ತೆ ಹುಟ್ಟುತ್ತಾನೆ; ಅವನ ಹಾಸಿಗೆ ಕೋಟೆಯೊಳಗಿನ ಮನೆಯಲ್ಲಿತ್ತು, ಸೀದಾ ಅಲ್ಲೇ ಹುಟ್ಟಿಬಂದ! ಗಡಿ ದಾಟುವಾಗ ಮಾತ್ರ ತಡೆ, ಒಳಗೇ ಹುಟ್ಟಿದವನಿಗೆ ತಡೆಯೇ ಇಲ್ಲ. ಹಾಗಾಗಿ ಗಡೀಪಾರಿನ ಮೊದಲ ಕೆಲಸ ಸ್ಪಾನ್‌ಪಾಯಿಂಟ್, ಅಂದರೆ ಮತ್ತೆ ಹುಟ್ಟುವ ಜಾಗ, ಬದಲಿಸುವುದು, ಉಳಿದದ್ದೆಲ್ಲ ಆಮೇಲೆ.

ಎರಡನೇ ಸಲ 1,600 ಬ್ಲಾಕ್ ದೂರದ ದ್ವೀಪಕ್ಕೆ ಕಳಿಸಿದೆ. ಹೆಸರು ನೇತ್ರಾಣಿ, ಮುರುಡೇಶ್ವರದ ಎದುರಿನ ದ್ವೀಪದ್ದೇ. ಅವನು ನೆದರ್‌ಗೆ, ಅಂದರೆ ಆಟದ ಪಾತಾಳಕ್ಕೆ, ಇಳಿದ. ಅಲ್ಲಿನ ಒಂದು ಬ್ಲಾಕ್ ಮೇಲಿನ ಎಂಟಕ್ಕೆ ಸಮ, ಇನ್ನೂರು ಬ್ಲಾಕ್ ನಡೆದು ಕೋಟೆಯ ಹೊರಗಿನ ಗದ್ದೆಗೆ ಬಂದು ರೈತರನ್ನು ಕಡಿದ. ಈಗ ಗಡೀಪಾರಾದವರಿಗೆ ನೆದರ್ ಬಂದ್.

ಎಷ್ಟು ದಿನ ಅನ್ನುವುದಕ್ಕೆ ಪಾಂಡವರ ಲೆಕ್ಕ ಹಿಡಿದೆ. ಆಟದ ಒಂದು ದಿನ ನಮ್ಮ 20 ನಿಮಿಷ. 12 ದಿನ ವನವಾಸ ಅಂದರೆ ನಾಲ್ಕು ತಾಸು, ಅದೂ ಆಟದೊಳಗೆ ಇದ್ದ ಹೊತ್ತು ಮಾತ್ರ. ಆ ಹೊತ್ತನ್ನು ಹೇಗೆ ಎಣಿಸುತ್ತೇನೆ, ಇನ್ನೊಂದು ಹೆಸರಲ್ಲಿ ನುಸುಳಿದವರನ್ನು ಹೇಗೆ ಹಿಡಿಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಬರೆದರೆ ನಾಳೆ ಅದನ್ನೂ ಮುರಿಯುತ್ತಾರೆ.

ಕಡೆಯ ದಿನ ಅಜ್ಞಾತವಾಸ. 20 ನಿಮಿಷ ನಗರದೊಳಗೇ ಇರಬೇಕು: ಬೇರೆ ಸ್ಕಿನ್ (ವೇಷ), ತಲೆಯ ಮೇಲೆ ಹೆಸರಿಲ್ಲ, ಚಾಟ್ ಇಲ್ಲ, ಕತ್ತಿ ಇಲ್ಲ. ಹೆಸರು ಮರೆಮಾಡಲು ಟೀಮ್ ಕಮಾಂಡಿನ ನೇಮ್‌ಟ್ಯಾಗ್ ವಿಸಿಬಿಲಿಟಿ ಸಾಕು, ಪ್ಲಗಿನ್ ಬೇಡ. ಪೇಟೆಯಲ್ಲಿ ಮೂಟೆ ಹೊರಬೇಕು. ಜಗಳ ತೆಗೆದರೆ ಮತ್ತೆ ಹನ್ನೆರಡು. ಇದು ಭಾವನಿಗೆ ಮಕ್ಕಳಾಟದ ಹಾಗೆ ಕಂಡಿತ್ತು. ಆದರೆ ಕುಮಟೆಯ ಹುಡುಗ, ಅವನನ್ನು ಬ್ಯಾನ್ ತೆಗೆದು ಕರೆಸಿದ್ದೆ, ಆ 20 ನಿಮಿಷದಲ್ಲಿ ತಾನು ಸುಟ್ಟ ಅಂಗಡಿಯ ಮುಂದೆಯೇ ಮೂಟೆ ಇಳಿಸಿದ. ಅಂಗಡಿಯ ಹುಡುಗಿ ಯಾರೋ ಹೊಸಬ ಅಂದುಕೊಂಡು ರೊಟ್ಟಿ ಕೊಟ್ಟಳು. ಮಾರನೇ ದಿನ ಅವನೇ ಅಂಗಡಿಗೆ ಹೊಸ ಮಾಡು ಹಾಕಿಕೊಟ್ಟ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಏನೂ ನಡೆಯುವುದಿಲ್ಲ. ಹೋದವನ ಮನೆ, ಪೆಟ್ಟಿಗೆ, ತೋಟ ಒಂದನ್ನೂ ಮುಟ್ಟಬಾರದು. ಹಳೆಯ ಅಥೆನ್ಸ್‌ನಲ್ಲಿ ಮಡಕೆಚೂರಿನ ಮೇಲೆ ಹೆಸರು ಗೀಚಿ ಹತ್ತು ವರ್ಷ ಊರು ಬಿಡಿಸುತ್ತಿದ್ದರು, ಆಸ್ತಿ ಮಾತ್ರ ಅವನದೇ ಆಗಿ ಉಳಿಯುತ್ತಿತ್ತು. ನಾನು ಮೊದಮೊದಲು ದಂಡ ಅಂತ ಅವರ ವಜ್ರಗಳಲ್ಲಿ ಅರ್ಧ ಕಿತ್ತುಕೊಳ್ಳುತ್ತಿದ್ದೆ. ಹಾಗೆ ದಂಡ ತೆತ್ತ ಮೂವರೂ ಮರಳಲಿಲ್ಲ. ದಂಡ ನಿಲ್ಲಿಸಿದ ಮೇಲೆ ಹನ್ನೊಂದು ಜನರನ್ನು ಕಳಿಸಿರಬೇಕು, ಒಂಬತ್ತು ಜನ ಬಂದರು. ಚಂದಾ ಈಗ 1,300ರ ಹತ್ತಿರ.

ನಡುವೆ ನೇತ್ರಾಣಿಯಲ್ಲಿ ಮೆಣಸು ಬೆಳೆಸಿ ನೋಡಿದೆ. ಆಟದಲ್ಲಿ ಮೆಣಸಿಲ್ಲ, ಕೋಕೋ ಇದೆ. ಅದು ಕಾಡುಮರದ ಕಾಂಡಕ್ಕೇ ಅಂಟಿ ಬೆಳೆಯುತ್ತದೆ, ನಮ್ಮ ಅಡಿಕೆಮರಕ್ಕೆ ಹಬ್ಬಿದ ಮೆಣಸಿನಬಳ್ಳಿ ನೆನಪಾಗುತ್ತದೆ. ಆಟದ ಚಿತ್ರ, ಹೆಸರು ಬದಲಿಸುವ ರಿಸೋರ್ಸ್ ಪ್ಯಾಕಿನಲ್ಲಿ ಕೋಕೋಗೆ ಮೆಣಸು ಅಂತ ಹೆಸರು ಬದಲಿಸಿದೆ. ಎರಡು ಸ್ಟ್ಯಾಕ್ (64ರ ಕಟ್ಟು) ಮೆಣಸು ತಂದರೆ ಒಂದು ದಿನ ಮಾಫಿ ಅಂತ ಇಟ್ಟದ್ದು ತಪ್ಪಾಯಿತು, ಸ್ನೇಹಿತರು ದೋಣಿಯಲ್ಲಿ ತಂದು ಸುರಿದರು. ಮಾಫಿ ತೆಗೆದೆ, ತೋಟ ಉಳಿಸಿದೆ. ಈಗ ನಗರದ ಮೆಣಸೆಲ್ಲ ಅಲ್ಲಿಯದೇ.

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಮೆಣಸೂರಿನಲ್ಲಿ ಎರಡು ತಿಂಗಳಿಗೊಮ್ಮೆ. ಮುಂದಿನ ಜಾತ್ರೆಗೆ ಮೊದಲು, ಈಗ ದ್ವೀಪದಲ್ಲಿ ಇಬ್ಬರಿದ್ದಾರೆ. ಒಬ್ಬನಿಗೆ ಇನ್ನು ಮೂರು ದಿನ ಬಾಕಿ. ತೇರು ಎಳೆಯಲು ತನ್ನ ಹೆಸರು ಬರೆದುಕೊಳ್ಳಿ ಅಂತ ಅಲ್ಲಿಂದಲೇ ಹೇಳಿಕಳಿಸಿದ್ದಾನೆ. ಬರೆದುಕೊಂಡಿದ್ದೇನೆ.